ಉಳಿದುಹೋದ ಬುಶ್

ಕನ್ನಡಕ ತೆಗೆಯಲೆಂದು ಜೇಬಿಗೆ ಕೈಹಾಕಿದರೆ ಬೆರಳಿಗೆ ಕಡಲೆಕಾಳಿನಷ್ಟು ಏನೋ ಸಿಕ್ಕಿತು. ತೆಗೆದು ನೋಡಿದ. ಬಿಳಿ ಪ್ಲಾಸ್ಟಿಕ್ಕಿನ ಬುಶ್. ನಡುವೆ ತೂತು, ಒಂದು ಬದಿಗೆ ತೆಳ್ಳನೆಯ ಅಂಚು. ಅಮೋಘಸಿದ್ದಪ್ಪನಿಗೆ ಮೊದಲು ಬಂದದ್ದು ಸಿಟ್ಟು, ಅದೂ ತನ್ನ ಮೇಲಲ್ಲ, ಅದರ ಮೇಲೆ. ಥೂ ಇದರ, ಇಷ್ಟು ಸಣ್ಣದನ್ನು ಯಾವನು ಮಾಡಿದ, ಮಾಡಿದ ಮೇಲೆ ಇದು ತನ್ನ ಜಾಗದಲ್ಲಿ ಬಿದ್ದಿರದೆ ನನ್ನ ಜೇಬಿಗೆ ಯಾಕೆ ಬಂತು. ಆಮೇಲೆ ನೆನಪಾಯಿತು. ಅಂಗಿ ನಿನ್ನೆಯದೇ. ನಿನ್ನೆ ಅವನು ಬಿಚ್ಚಿದ್ದು ಒಂದೇ ಲೈಟು. ಮದುವೆ ಸಮಾರಂಭಗಳಿಗೆ ಲೈಟು ಹಾಕಿಸುವ ಪಂಡರಿ ಸೇಠನ ಪಾರ್ ಲೈಟು, ವೇದಿಕೆಗೆ ಬಣ್ಣ ಚೆಲ್ಲುವ ಅಲ್ಯೂಮಿನಿಯಂ ಡಬ್ಬಿ. ಅದರೊಳಗಿನ ಪವರ್ ಸಪ್ಲೈ ಬೋರ್ಡಿನಲ್ಲಿ ಮೂರು ಕಾಲಿನ ಒಂದು ಕರಿ ತುಣುಕಿದೆ, ಮಾಸ್‌ಫೆಟ್ ಅನ್ನುತ್ತಾರೆ. ಅದನ್ನು ಲೈಟಿನ ಬಾಡಿಗೇ ಸ್ಕ್ರೂ ಹಾಕಿ ಕೂರಿಸಬೇಕು, ಅದರ ಬಿಸಿ ಬಾಡಿಗೆ ಇಳಿಯಲಿ ಅಂತ. ಬಿಸಿ ಇಳಿಯಬೇಕು, ಕರೆಂಟು ಇಳಿಯಬಾರದು. ಅದಕ್ಕೇ ಅದರ ಕೆಳಗೆ ಒಂದು ಮೈಕಾ ಹಾಳೆ, ಸ್ಕ್ರೂವಿಗೆ ಈ ಬುಶ್ಶು. ಹಾಳೆ ಹಾಕಿದ್ದು ನೆನಪಿದೆ, ಬಿಳಿ ಪೇಸ್ಟು ಸವರಿ ಬೆರಳಿಂದ ಒತ್ತಿದ್ದೂ ನೆನಪಿದೆ. ಬುಶ್ಶು ಹಾಕಿದ್ದು ನೆನಪಿಲ್ಲ. ಹಾಕಿದ್ದರೆ ಅದು ಜೇಬಿನಲ್ಲಿ ಇರುತ್ತಿರಲಿಲ್ಲ, ಇದಕ್ಕೆ ನೆನಪು ಬೇರೆ ಬೇಕೇ. ಅಂದರೆ ಸ್ಕ್ರೂ ನೇರ ಲೋಹಕ್ಕೆ ತಾಗಿದೆ, ಲೈಟು ಉರಿಯುವಷ್ಟು ಹೊತ್ತೂ ಅದರ ಇಡೀ ಮೈಯಲ್ಲಿ ಕರೆಂಟು ಓಡುತ್ತದೆ. ಉರಿಯುವುದೇನೋ ಚೆಂದವೇ ಉರಿಯುತ್ತದೆ. ಮುಟ್ಟಿದವರು ಉಳಿಯುವುದಿಲ್ಲ.

“ಯಾಕ್ರಿ ಮಾಮು, ಮುಖ ಸುಟ್ಟ ಬದನಿಕಾಯಿ ಆದಂಗ ಆಗ್ಯದ? ಮಾಮಿ ನಾಷ್ಟಾ ಕೊಟ್ಟಿಲ್ಲೇನ್ರಿ?” ಸುಮೇರಾ ಬೆಸುಗೆಯ ಕಡ್ಡಿಯಿಂದ ಕಣ್ಣು ತೆಗೆಯದೆ ಕೇಳಿದಳು. ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯ ಈ ರಿಪೇರಿ ಅಂಗಡಿ ಅವಳದು. ವಯಸ್ಸು ಇಪ್ಪತ್ತೇಳು. ಅವನಿಗೆ ನಲವತ್ತೊಂಬತ್ತು. ಎಂಟು ತಿಂಗಳಿಂದ ಅವಳು ಅವನಿಗೆ ಕಲಿಸುತ್ತಿದ್ದಾಳೆ, ಅವನು ಅವಳನ್ನು ಉಸ್ತಾದ್ ಅನ್ನುತ್ತಾನೆ. ಮೊದಲ ವಾರ ಅದನ್ನು ತಮಾಷೆಗೆ ಅಂದಿದ್ದ. ಎರಡನೆಯ ವಾರ, ಸ್ವಿಚ್ಚು ತೆಗೆದು ಅರ್ಧ ತಾಸಾಗಿದ್ದ ಬೋರ್ಡಿನ ದೊಡ್ಡ ಕಂಡೆನ್ಸರಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಫಟ್ ಎಂದು ಕಿಡಿ ಹಾರಿ, ಅವನು ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದಾಗ, ಅಂಗಡಿಗೆ ಬಂದಿದ್ದ ಮೂವರು ಗಿರಾಕಿಗಳೂ ನಕ್ಕಿದ್ದರು. ಅವಳು ಮಾತ್ರ ನಗಲಿಲ್ಲ. ಕರೆಂಟ್ ಹೋದ ಮ್ಯಾಲೂ ಇದರ ಹೊಟ್ಟ್ಯಾಗ ಸಿಟ್ಟು ಇರ್ತದ ಮಾಮು, ಮೊದಲ ಅದನ್ನ ಇಳಸ್ಬೇಕು ಅಂದಿದ್ದಳು. ಅವತ್ತಿನಿಂದ ಉಸ್ತಾದ್ ಅನ್ನುವಾಗ ತಮಾಷೆ ಬಿಟ್ಟುಹೋಯಿತು. ಆದರೆ ನಕ್ಕ ಮೂವರ ಮುಖ ಅವನಿಗೆ ಇವತ್ತಿಗೂ ನೆನಪಿದೆ.

“ಕೊಟ್ಟಾಳ ಉಸ್ತಾದ್, ಜ್ವಾಳದ ರೊಟ್ಟಿ.”

“ನಿನ್ನಿ ಪಂಡರಿ ಸೇಠಂದು ಪಾರ್ ಬಾಡಿ ಚೆಕ್ ಮಾಡೇ ಕೊಟ್ರಿ ಅಲ್ಲಾ? ನಾ ನಮಾಜಿಗೆ ಒಳಗ ಹೋಗಿದ್ದೆ.”

“ಮಾಡೀನಿ.”

“ಮೀಟರ್ ಹಚ್ಚಿ?”

“ಹಚ್ಚೇ ಮಾಡೀನಿ.”

ಎರಡು ಸುಳ್ಳು, ಎರಡೂ ನೀರು ಕುಡಿದಷ್ಟು ಸಲೀಸಾಗಿ ಬಂದವು. ಬುಶ್ಶನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದ. ನಿನ್ನೆ ಅವನು ಮೀಟರನ್ನು ಕೈಗೇ ತೆಗೆದುಕೊಂಡಿರಲಿಲ್ಲ. ಹೊರಗೆ ಪಂಡರಿ ಸೇಠನ ಟೆಂಪೋ ಹಾರ್ನ್ ಒತ್ತುತ್ತಲೇ ಇತ್ತು. ಬಲ್ಬಿನ ಸೀರೀಸ್ ಬೋರ್ಡಿಗೆ ಲೈಟು ಹಚ್ಚಿದ. ಒಳಗೆ ಶಾರ್ಟ್ ಇದ್ದರೆ ಆ ಬಲ್ಬು ಧಗ್ಗನೆ ಹೊತ್ತಬೇಕು. ಹೊತ್ತಲಿಲ್ಲ. ಪಾರ್ ಕೆಂಪಾಯಿತು, ಹಸಿರಾಯಿತು, ನೀಲಿಯಾಯಿತು. ಆಗ ಅವನು ತನ್ನ ಹಳೆಯ ಪದ್ಧತಿಯಂತೆ ಹಿಂಗೈಯಿಂದ ಬಾಡಿಯನ್ನು ಸವರಿದ. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳು ಮಡಚಿಸಿ ಹಿಡಿದುಕೊಳ್ಳುತ್ತದೆ, ಹಿಂಗೈಯಾದರೆ ದೂಡುತ್ತದೆ. ಲೈಟು ಕಟ್ಟುವವರೆಲ್ಲ ಹೀಗೆಯೇ ನೋಡುವುದು. ಇಪ್ಪತ್ತು ವರ್ಷ ಪಂಡರಿ ಸೇಠನಿಗಾಗಿ ವೇದಿಕೆಯ ಕಬ್ಬಿಣದ ಚೌಕಟ್ಟು, ಟ್ರಸ್ಸು, ಹತ್ತಿ ಲೈಟು ಕಟ್ಟಿದವನಿಗೆ ಹಿಂಗೈಯ ಕೂದಲೇ ಮೀಟರು. ಕೂದಲು ನಿಮಿರಲಿಲ್ಲ. ಚೊಕ್ಕ ಅದ ಅಂದುಕೊಂಡ. ತಾನು ರಬ್ಬರಿನ ಚಾಪೆಯ ಮೇಲೆ, ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೇನೆ ಎಂಬುದು ತಲೆಗೇ ಬರಲಿಲ್ಲ. ಬರಿಗಾಲಲ್ಲಿ ಮೇಜಿನ ಹತ್ತಿರ ಬರಕೂಡದು ಅನ್ನುವುದು ಸುಮೇರಾಳ ಕಟ್ಟುನಿಟ್ಟು. ಬರಿಗಾಲಲ್ಲಿ ನಿಂತಿದ್ದರೆ ನಿನ್ನೆಯೇ ಹೊಡೆದು ಹೇಳುತ್ತಿತ್ತು. ಜೀವ ಉಳಿಸುವ ಚಾಪೆಯೇ ಅವನ ಹಿಂಗೈಯನ್ನು ಕುರುಡು ಮಾಡಿತ್ತು. ಮುಚ್ಚಳ ಹಾಕಿ, ಮಾರ್ಕರಿನಿಂದ ಕೆಳಗೆ ‘ಅ’ ಎಂದು ಬರೆದ. ಆ ಅಂಗಡಿಯಲ್ಲಿ ರಿಪೇರಿ ಮಾಡಿದವರು ತಮ್ಮ ಅಕ್ಷರ ಬರೆಯಬೇಕು. ಎಂಟು ತಿಂಗಳಲ್ಲಿ ಅದೇ ಅವನ ಮೊದಲ ಅಕ್ಷರ. ಬರೆದ ಮೇಲೆ ಒಂದು ಗಳಿಗೆ ನೋಡುತ್ತ ನಿಂತಿದ್ದ, ಆ ಒಂದು ಗಳಿಗೆಯಲ್ಲಾದರೂ ಜೇಬು ನೋಡಬಾರದಿತ್ತೇ.

ಈಗ ಹೇಳಿಬಿಡಬಹುದು. ಉಸ್ತಾದ್, ನೋಡ್ರಿ, ಇದು ಉಳದದ. ಅವಳು ಬೈಯುವವಳಲ್ಲ. ಒಂದು ಫೋನು ಮಾಡಿ ಲೈಟು ಇಳಿಸಲು ಹೇಳುತ್ತಾಳೆ, ಅಷ್ಟೇ. ಆದರೆ ಬೈಯದೆ ಇರುವಾಗ ಅವಳ ಮುಖ ಹೇಗಿರುತ್ತದೆ ಎಂದು ಅವನಿಗೆ ಗೊತ್ತು. ಮತ್ತೆ ಮೊದಲಿನಂತೆ ಸ್ಕ್ರೂ ಬಿಚ್ಚಿಕೊಡುವುದು, ಧೂಳು ಊದುವುದು, ಬೆಸುಗೆಯ ತಂತಿ ಎಳೆದುಕೊಡುವುದು. ತನ್ನೂರು ಹುಡಗಿಯ ಜನ ಕೇಳುತ್ತಾರೆ, ಏನಪ್ಪಾ ಅಮೋಘ, ಆ ಸಾಬರ ಹುಡುಗಿ ಕೈಯಾಗ ಇನ್ನಾ ಪಾಸ್ ಆಗಿಲ್ಲೇನು. ತಮ್ಮನೂ ಕುರಿ ಬಿಟ್ಟುಕೊಂಡು ಹೊರಡುವಾಗ ದಿನಾ ಕೇಳುತ್ತಾನೆ. ಮೊಣಕಾಲು ಹೋದ ಮೇಲೆ ಟ್ರಸ್ಸು ಹತ್ತುವಂತಿಲ್ಲ, ಕುರಿಯ ಹಿಂದೆ ನಡೆಯುವಂತೆಯೂ ಇಲ್ಲ. ಕೂತು ಮಾಡುವ ಕೆಲಸ ಇದೊಂದೇ ಉಳಿದದ್ದು.

“ಉಸ್ತಾದ್, ಜರಾ ಬಸವಕಲ್ಯಾಣಕ್ಕ ಹೋಗಿ ಬರ್ತೀನಿ. ಮೊಣಕಾಲು ತೋರಸ್ಬೇಕು.”

“ಮೊಣಕಾಲು ಹುಮನಾಬಾದದಾಗ ನೋಡಂಗಿಲ್ಲೇನ್ರಿ? ಕಲ್ಯಾಣದ ಡಾಕ್ಟರಿಗೇ ಬೇಕಾಗ್ಯದೇನು ನಿಮ್ಮ ಮೊಣಕಾಲು?” ಅವಳು ನಕ್ಕಳು. “ಹೋಗಿ ಬರ್ರಿ. ನಾಳೆ ಇನ್ನೊಂದು ಪಾರ್ ನಿಮ್ಮ ಕೈಗೇ ಕೊಡ್ತೀನಿ, ಪೂರಾ.”

ಆ ‘ಪೂರಾ’ ಎಂಬ ಮಾತು ಬಸ್‌ಸ್ಟ್ಯಾಂಡಿನವರೆಗೂ ಅವನ ಬೆನ್ನು ಹತ್ತಿ ಬಂತು. ಕಲ್ಯಾಣದ ಬಸ್ಸು ನಿಂತೇ ಇತ್ತು, ಡ್ರೈವರ್ ಮಾತ್ರ ಛಾ ಕುಡಿಯಲು ಹೋಗಿದ್ದ. ಕಿಟಕಿಯ ಪಕ್ಕ ಕೂತ. ಬಾಜೂಕ ಬುಟ್ಟಿಯ ತುಂಬ ಮೆಂತ್ಯೆಸೊಪ್ಪು ಇಟ್ಟುಕೊಂಡ ಹೆಂಗಸು. ಲೈಟು ಹೋದದ್ದು ಬಸವಕಲ್ಯಾಣದ ಒಂದು ಶಾಲೆಯ ಸ್ನೇಹ ಸಮ್ಮೇಳನಕ್ಕೆ, ಸಂಜೆ ಐದಕ್ಕೆ ಕಾರ್ಯಕ್ರಮ ಎಂದು ಟೆಂಪೋದವನೇ ಹೇಳಿದ್ದ. ಈಗ ಹತ್ತೂವರೆ. ಸಂಜೆಯವರೆಗೆ ಬೇಕಾದಷ್ಟು ಹೊತ್ತಿದೆ ಎಂದು ಅವನು ತನಗೆ ಹೇಳಿಕೊಂಡ. ಹೇಳಿಕೊಳ್ಳುತ್ತಿದ್ದಂತೆಯೇ ಬೆಳಿಗ್ಗೆ ರಿಹರ್ಸಲ್ ಇರುತ್ತದೆ ಎಂಬುದು ನೆನಪಾಯಿತು. ಇರದೆ ಏನು, ಇಪ್ಪತ್ತು ವರ್ಷ ಅವನೇ ಅಂಥ ನೂರಾರು ರಿಹರ್ಸಲುಗಳಿಗೆ ಲೈಟು ಹಚ್ಚಿಕೊಟ್ಟಿಲ್ಲವೇ. ಹುಡುಗಿಯರು ಬರಿಗಾಲಲ್ಲಿ ಕುಣಿಯುತ್ತಾರೆ. ತಮ್ಮ ಸರದಿ ಬರುವತನಕ ಟ್ರಸ್ಸಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಅದರ ಸುತ್ತ ಗಿರಗಿರ ತಿರುಗುತ್ತಾರೆ. ಹೋಗ್ರೇ ಆ ಕಡೆ ಅಂದರೆ ಕಿಸಿಕಿಸಿ ನಗುತ್ತಾರೆ, ಹೋಗುವುದಿಲ್ಲ. ಧೂಳು ಏಳಬಾರದೆಂದು ಮೈದಾನಕ್ಕೆ ಟ್ಯಾಂಕರಿನಿಂದ ನೀರು ಹೊಡೆಸಿರುತ್ತಾರೆ. ನೀರು ಹೊಡೆಸಿರುತ್ತಾರೆ ಎಂಬ ಮಾತನ್ನು ಅವನು ಬಾಯಿಬಿಟ್ಟೇ ಅಂದನೋ ಏನೋ, ಸೊಪ್ಪಿನ ಹೆಂಗಸು ತಿರುಗಿ ನೋಡಿದಳು.

ಆದರೂ ಒಂದು ಆಸೆ ಇತ್ತು, ಅರ್ಥಿಂಗ್. ಬಾಡಿಗೆ ಕರೆಂಟು ಬಂದರೂ ಪ್ಲಗ್ಗಿನ ದಪ್ಪ ಪಿನ್ನಿನಿಂದ ಅದು ನೆಲಕ್ಕೆ ಹರಿದುಹೋಗಿ, ಮೇನ್ ಬೋರ್ಡು ಕಟಕ್ಕನೆ ಬಿದ್ದು, ಎಲ್ಲ ಆರಿಬಿಡಬೇಕು. ಹೌದಲ್ಲ! ಅವನಿಗೆ ಒಮ್ಮೆಲೇ ಉಸಿರು ಬಂದಂತಾಯಿತು. ಬಂದ ಉಸಿರು ಅಲ್ಲೇ ನಿಂತಿತು. ಪಂಡರಿ ಸೇಠನ ಗೋಡೌನಿನಲ್ಲಿ ದಪ್ಪ ಪಿನ್ ಇರುವ ಪ್ಲಗ್ಗು ಒಂದಾದರೂ ಇದೆಯೇ. ಎಲ್ಲವನ್ನೂ ಕತ್ತರಿಸಲಾಗಿದೆ. ಕತ್ತರಿಸಿದವರು ಯಾರು. ಮೋರಖಂಡಿಯಲ್ಲಿ ಒಂದು ಮದುವೆ, ಬೀಗರು ಊಟಕ್ಕೆ ಕೂತ ಹೊತ್ತಿಗೆ ಬೋರ್ಡು ಮೂರು ಸಲ ಬಿತ್ತು. ಹುಡುಗಿಯ ಅಪ್ಪ ನಾಲ್ಕು ಜನರ ಮುಂದೆ ಅವನ ಕೊರಳಪಟ್ಟಿ ಹಿಡಿದ. ಮರುದಿನವೇ ಅಮೋಘಸಿದ್ದಪ್ಪ ಗೋಡೌನಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಟಿಂಗ್ ಪ್ಲೇಯರಿನಿಂದ ಒಂದೊಂದೇ ಪ್ಲಗ್ಗಿನ ಅರ್ಥಿಂಗ್ ಪಿನ್ ಕತ್ತರಿಸುತ್ತ ಹೋದ. ಮಧ್ಯಾಹ್ನದ ಹೊತ್ತಿಗೆ ಪಕ್ಕದಲ್ಲಿ ಹಿತ್ತಾಳೆಯ ತುಂಡುಗಳ ಒಂದು ಗುಡ್ಡೆ. ಆಮೇಲೆ ಬೋರ್ಡು ಬೀಳಲಿಲ್ಲ. ಅಮೋಘನ ಲೈಟು ನಡುವೆ ಆರುವುದಿಲ್ಲ ಎಂದು ಚಿಟಗುಪ್ಪದವರೆಗೂ ಹೆಸರಾಯಿತು. ಹೊಸ ಲೈಟು ಬಂದರೆ ಪಂಡರಿ ಸೇಠ್ ಮೊದಲು ಅವನ ಕೈಗೆ ಕೊಡುತ್ತಿದ್ದ, ಪಿನ್ ತೆಗೆಯಲಿಕ್ಕೆ. ಮಗುವಿಗೆ ಜವಳ ತೆಗೆಸಿದಂತೆ. ಅಂಗಡಿಗೆ ಸೇರಿದ ಹೊಸತರಲ್ಲಿ ಅಂಥದೊಂದು ಪ್ಲಗ್ಗನ್ನು ಸುಮೇರಾ ಎತ್ತಿ ಹಿಡಿದು, ಯಾ ಅಲ್ಲಾ, ಯಾವ ಪುಣ್ಯಾತ್ಮ ಮಾಡ್ಯಾನ ಇದನ್ನ ಎಂದು ಕೇಳಿದ್ದಳು. ಗೊತ್ತಿಲ್ರಿ ಅಂದಿದ್ದ. ಅದೂ ಸುಳ್ಳೇ. ಇಷ್ಟು ಸುಳ್ಳು ಹೇಳುವ ಮನುಷ್ಯ ತಾನು ಎಂದು ಅವನಿಗೆ ಇವತ್ತು ಹತ್ತೂವರೆಯತನಕ ಅನಿಸಿರಲಿಲ್ಲ.

ಬಸ್ಸು ಹೊರಟಿತು. ಹೆದ್ದಾರಿಗೆ ಬರುತ್ತಿದ್ದಂತೆ ಫೋನು ತೆಗೆದು ಪ್ರೇಮಕುಮಾರನಿಗೆ ಹಚ್ಚಿದ. ಪ್ರೇಮಕುಮಾರ ಪಂಡರಿ ಸೇಠನ ಈಗಿನ ಲೈಟಿನವನು. ಮೂವತ್ತು ವಯಸ್ಸು, ಎರಡು ಮಕ್ಕಳ ತಂದೆ, ಬೆಕ್ಕಿನಂತೆ ಟ್ರಸ್ಸು ಹತ್ತುತ್ತಾನೆ. ಅವನು ಬಂದ ಆರು ತಿಂಗಳಿಗೇ ಪಂಡರಿ ಸೇಠ್, ಅಮೋಘ, ನೀ ಇನ್ನ ಆರಾಮ ಮಾಡಪ್ಪ ಅಂದಿದ್ದ.

“ಹಾಂ ಕಾಕಾ, ಹೇಳ್ರಿ.”

“ಎಲ್ಲಿದ್ದಿ?”

“ಶಾಲಿ ಮೈದಾನದಾಗ ಇದ್ದೀನ್ರಿ. ಹುಡುಗ್ಯಾರ ರಿಹರ್ಸಲ್ ನಡದದ.”

“ನಿನ್ನಿ ಕೊಟ್ಟ ಪಾರ್ ಹ್ಯಾಂಗದ?”

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಹಾಡು ಕೇಳಿಸಿತು. “ಮಸ್ತ್ ಅದ ಕಾಕಾ. ಏನಾಗಬೇಕು ಅದಕ್ಕ?”

ಈಗ. ಈಗ ಅನ್ನಬೇಕು. ಬುಶ್ಶು ಹಾಕೂದು ಮರ್ತೀನಿ, ಬಾಡಿಗೆ ಕರೆಂಟ್ ಬರ್ತದ, ತಗದು ಒಗಿ. ಹತ್ತು ಶಬ್ದ ಇಲ್ಲ. ಸೊಪ್ಪಿನ ಹೆಂಗಸು ಕೇಳುತ್ತಿದ್ದಳು. ಮುಂದಿನ ಸೀಟಿನವನು ಕೇಳುತ್ತಿದ್ದ. ಅವರಿಗೆ ಬುಶ್ಶೆಂದರೆ ಏನು, ಬಾಡಿ ಎಂದರೆ ಏನು. ಪ್ರೇಮಕುಮಾರನಿಗೆ ಮಾತ್ರ ಎಲ್ಲ ಗೊತ್ತಾಗುತ್ತದೆ. ಅವನು ಪಂಡರಿ ಸೇಠನಿಗೆ ಹೇಳುತ್ತಾನೆ, ಪಂಡರಿ ಸೇಠ್ ಸುಮೇರಾಳಿಗೆ.

“ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ,” ಅಂದ. “ನಾ ಬರಾಕತ್ತೀನಿ.”

“ನೀವ್ಯಾಕ ಬರ್ತೀರಿ ಕಾಕಾ?” ಪ್ರೇಮಕುಮಾರನ ದನಿ ಬದಲಾಯಿತು. “ನಿಮ್ಮ ಲೈಟ್ ನಾವು ಮುಟ್ಟಬಾರ್ದೇನ್ರಿ? ನನಗ ಬರಂಗಿಲ್ಲಂತ ಪಂಡರಿ ಸೇಠ್ ಏನಾರ ಅಂದ್ರೇನು?”

“ಛೇ ಛೇ, ಹಂಗೇನಿಲ್ಲೋ. ಸುಮ್ನ, ಒಮ್ಮಿ ನೋಡ್ಬೇಕನಿಸ್ತು.”

“ಬರ್ರಿ ಹಂಗಾರ. ಎಲ್ಲಾ ಉರಿಯಾಕತ್ತಿರ್ತಾವ, ನೋಡೀರಂತ.” ಫೋನು ಇಟ್ಟುಬಿಟ್ಟ.

ಒಳ್ಳೆಯದಾಯಿತು. ಯಾರೂ ಕೈ ಹಚ್ಚಬೇಡಿ ಎಂದು ಹೇಳಿದ್ದೇನೆ. ಹೇಳಿಲ್ಲವೇ, ಹೇಳಿದ್ದೇನೆ, ಈ ಹೆಂಗಸೇ ಸಾಕ್ಷಿ. ಹೀಗೆ ಅವನು ರಾಜೇಶ್ವರದ ತನಕ ತನ್ನ ಜೊತೆ ತಾನೇ ವಾದ ಮಾಡಿದ. ಟ್ರಸ್ಸಿಗೆ ಬಣ್ಣ ಬಳಿದಿರುತ್ತದೆ, ಬಣ್ಣ ಕರೆಂಟನ್ನು ತಡೆಯುತ್ತದೆ. ಹೌದು, ಆದರೆ ಲೈಟು ಕಟ್ಟುವ ಕ್ಲಾಂಪಿನ ಬೋಲ್ಟು ಬಿಗಿದಾಗ ಬಣ್ಣ ಕೆತ್ತಿಹೋಗುತ್ತದೆ, ಬಿಗಿಯದಿದ್ದರೆ ಲೈಟೇ ಜಾರುತ್ತದೆ. ಪ್ರೇಮಕುಮಾರ ಬಿಗಿಯದೆ ಬಿಡುವವನಲ್ಲ. ಕೆಲಸಗಾರ. ಆ ಕೆಲಸಗಾರ ಎಂಬ ಮಾತಿನ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಒಂದು ಸಣ್ಣ ಏಟು ಬೀಳಲಿ ಅವನಿಗೆ, ಸಾಯುವಂಥದ್ದಲ್ಲ, ಎರಡು ದಿನ ಕೈ ಜೋಮು ಹಿಡಿಯುವಂಥದ್ದು. ಬೆಕ್ಕಿನಂತೆ ಹತ್ತುತ್ತಾನಂತೆ, ಬೆಕ್ಕು. ಯೋಚನೆ ಪೂರ್ತಿ ಆದಮೇಲೆಯೇ ಅದು ತನ್ನದೆಂದು ಅಮೋಘಸಿದ್ದಪ್ಪನಿಗೆ ತಿಳಿದದ್ದು. ಅವನ ಸಣ್ಣ ಮಗಳ ಜವಳಕ್ಕೆ ಹೋಗಿ ಊಟ ಮಾಡಿ ಬಂದವನು ತಾನು. ನನ್ನಂಥ ಹಲ್ಕಟ್ ಇನ್ನೊಬ್ಬ ಇಲ್ಲ ಅಂದುಕೊಂಡ. ಅಂದುಕೊಂಡರೆ ಬಸ್ಸು ಬೇಗ ಹೋಗುತ್ತದೆಯೇ.

ರಾಜೇಶ್ವರ ದಾಟಿದ ಮೇಲೆ ಬಸ್ಸು ನಿಂತೇಬಿಟ್ಟಿತು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದರ ಟ್ರೇಲರು ರಸ್ತೆಗೆ ಅಡ್ಡ ವಾಲಿತ್ತು. ಜನ ಇಳಿದು ಕಬ್ಬು ಎಳೆದು ಮುರಿದು ತಿನ್ನತೊಡಗಿದರು. ಕಂಡಕ್ಟರನಿಗೆ ಕೇಳಿದರೆ, ಏನ್ ಮಾಡ್ಲಿ ಯಜಮಾನ್ರ, ಎತ್ತಿ ಒಗೀಲೇನು ಅಂದ. ಅಮೋಘಸಿದ್ದಪ್ಪ ಮತ್ತೆ ಫೋನು ಹಚ್ಚಿದ. ಈ ಸಲ ಹೇಳುತ್ತೇನೆ. ಬಸ್ಸಿನವರೆಲ್ಲ ಕೇಳಲಿ, ಊರೆಲ್ಲ ಕೇಳಲಿ, ಮೊದಲ ಮಾತೇ ಬುಶ್ಶು. ನಾಲಿಗೆಯ ತುದಿಗೆ ಬಂದು ಕೂತಿತ್ತು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದ. ಎತ್ತಲಿಲ್ಲ. ಐದು ಸಲ ಹಚ್ಚಿದ, ಎತ್ತಲಿಲ್ಲ. ಆಗ ಅವನಿಗೆ ಖರೆ ಹೆದರಿಕೆ ಹತ್ತಿತು. ಅಲ್ಲಿಯತನಕ ಇದ್ದದ್ದು ಹೆದರಿಕೆಯೇ ಅಲ್ಲ, ನಾಚಿಕೆ. ಈಗ ಅವನಿಗೆ ಕಂಡದ್ದು ಒದ್ದೆ ನೆಲದ ಮೇಲೆ ಬಿದ್ದ ಫೋನು, ಅದು ಹೊಡೆದುಕೊಳ್ಳುತ್ತಿದೆ, ಪಕ್ಕದಲ್ಲಿ ಒಂದು ಕೈ ಅಂಗಾತ ಬಿದ್ದಿದೆ. ಚಿಟಗುಪ್ಪದ ಕಡೆ ಒಮ್ಮೆ ಕರೆಂಟು ಕಂಬದ ಕೆಲಸಗಾರನೊಬ್ಬ ಹಾಗೆ ಬಿದ್ದಿದ್ದನ್ನು ಅವನು ಕಂಡಿದ್ದ. ಆ ಬೆರಳುಗಳು ಏನನ್ನೋ ಹಿಡಿದುಕೊಂಡಂತೆಯೇ ಮಡಚಿದ್ದವು. ಸುತ್ತ ಜನ ಕಬ್ಬು ಸಿಗಿದು ಉಗುಳುವ ಸದ್ದು. ಟ್ರ್ಯಾಕ್ಟರಿನವನು ತಂಬಾಕು ತಿಕ್ಕುತ್ತ ನಿಂತಿದ್ದ. ಅಮೋಘಸಿದ್ದಪ್ಪನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಇಳಿದು ಕುಂಟುತ್ತ ಟ್ರ್ಯಾಕ್ಟರುಗಳ ಸಾಲನ್ನು ದಾಟಿ, ಆ ಕಡೆಯಿಂದ ತಿರುಗಿ ಹೊರಟಿದ್ದ ಒಂದು ಟಂಟಂ ಆಟೋಕ್ಕೆ ಕೈ ಮಾಡಿದ. ಒಳಗೆ ಎಂಟು ಜನ ಇದ್ದರು. ಡ್ರೈವರ್ ಪಕ್ಕ ಅರ್ಧ ಕುಂಡೆ ಊರಿ ಕೂತ. ಕಲ್ಯಾಣದ ಕ್ರಾಸಾದ ಸಸ್ತಾಪುರ ಬಂಗ್ಲಾ ಬರುವತನಕ ನೆನಪಾದ ದೇವರಿಗೆಲ್ಲ ಕೈ ಮುಗಿದ, ಒಬ್ಬರಿಗೂ ಏನು ಬೇಡಬೇಕೆಂದು ಮಾತ್ರ ತಿಳಿಯಲಿಲ್ಲ. ಯಾರಿಗೂ ಏನೂ ಆಗದಿರಲಿ ಎಂದು ಬೇಡಿದರೆ, ಅದರ ಹಿಂದೆಯೇ ಯಾರಿಗೂ ಏನೂ ಗೊತ್ತಾಗದಿರಲಿ ಎಂಬುದೂ ಬರುತ್ತಿತ್ತು.

ಶಾಲೆಯ ಗೇಟಿನಲ್ಲೇ ಹಾಡು ಕೇಳಿಸಿತು. ಹಾಡು ಕೇಳುತ್ತಿದೆ ಎಂದರೆ ಯಾರಿಗೂ ಏನೂ ಆಗಿಲ್ಲ. ಅಲ್ಲೇ ಗೋಡೆ ಹಿಡಿದು ಒಂದು ಗಳಿಗೆ ನಿಂತ. ಅವನು ಅಂದುಕೊಂಡಂತೆಯೇ ಮೈದಾನಕ್ಕೆ ನೀರು ಹೊಡೆಸಿದ್ದರು. ವೇದಿಕೆಯ ಎರಡೂ ಬದಿಗೆ ಕಬ್ಬಿಣದ ಟ್ರಸ್ಸು, ಮೇಲೆ ಹನ್ನೆರಡು ಪಾರ್. ಹನ್ನೆರಡೂ ಉರಿಯುತ್ತಿದ್ದವು. ಹಗಲ ಬೆಳಕಿನಲ್ಲಿ ಅವುಗಳ ಕೆಂಪು ಹಸಿರು ನೀರು ಬೆರೆಸಿದ ಬಣ್ಣದಂತೆ ಕಾಣುತ್ತಿತ್ತು. ಎಡಗಡೆ ತುದಿಯದು ತನ್ನದು, ಒಂದು ಮೂಲೆ ನಗ್ಗಿದ್ದರಿಂದ ಗುರುತು ಸಿಕ್ಕಿತು. ಅದರ ಕೆಳಗಿನ ಕಂಬದ ಹತ್ತಿರ ಲಂಗ ಎತ್ತಿ ಕಟ್ಟಿಕೊಂಡ ನಾಲ್ಕೈದು ಹುಡುಗಿಯರು ಸರದಿಗೆ ಕಾಯುತ್ತಿದ್ದರು. ಅವರಲ್ಲೊಬ್ಬಳು, ಎರಡು ಜಡೆಯವಳು, ಕಂಬದ ಕಡೆ ಕೈ ಚಾಚಿ ಏನನ್ನೋ ಹೇಳುತ್ತ ನಗುತ್ತಿದ್ದಳು. ಅಮೋಘಸಿದ್ದಪ್ಪ ಓಡಿದ. ಮೊಣಕಾಲಿದ್ದದ್ದು ಮರೆತೇಹೋಗಿತ್ತು. ವೇದಿಕೆಯ ಹಿಂದೆ ಮೇನ್ ಬೋರ್ಡು ಎಲ್ಲಿರುತ್ತದೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಹಿಡಿಕೆ ಹಿಡಿದು ಕೆಳಗೆಳೆದ.

ಹಾಡು ಅರ್ಧಕ್ಕೆ ನಿಂತಿತು. ಲೈಟು ಆರಿದವು. ಹುಡುಗಿಯರು ಓ ಎಂದು ಕೂಗಿದರು. ಎರಡು ಜಡೆಯ ಹುಡುಗಿ ಕಂಬ ಹಿಡಿದುಕೊಂಡೇ ತಿರುಗಿ ನೋಡಿದಳು. ಯಾವಾಗ ಹಿಡಿದಳು, ತಾನು ಹಿಡಿಕೆ ಎಳೆಯುವ ಮೊದಲೋ ಆಮೇಲೋ, ಅವನಿಗೆ ತಿಳಿಯಲಿಲ್ಲ.

“ಯಾರ್ರೀ ಅದು?” ರಿಹರ್ಸಲ್ ಮಾಡಿಸುತ್ತಿದ್ದ ರಾಜೇಶ್ವರಿ ಟೀಚರ್ ಮೈಕು ಹಿಡಿದೇ ಬಂದರು. “ಯಾರನ್ನ ಕೇಳಿ ಬಂದ್ ಮಾಡಿದ್ರಿ ನೀವು? ಇನ್ನಾ ಆರು ಹಾಡು ಬಾಕಿ ಅವ.”

ಬಾಯಿ ತೆರೆಯುವಷ್ಟರಲ್ಲಿ ಪ್ರೇಮಕುಮಾರ ಓಡಿಬಂದ. ಮುಖ ಬಿಳಿಚಿಕೊಂಡಿತ್ತು. “ಏನಿಲ್ರಿ ಟೀಚರ್, ನಮ್ಮ ಕಾಕಾರು. ಐದೇ ಮಿನಿಟ್ ಕೊಡ್ರಿ,” ಅಂದವನು ಅಮೋಘಸಿದ್ದಪ್ಪನ ರಟ್ಟೆ ಹಿಡಿದು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದ. ಬದುಕಿದ್ದಾನೆ, ರಟ್ಟೆ ಹಿಡಿದು ಎಳೆಯುವಷ್ಟು ಗಟ್ಟಿ ಇದ್ದಾನೆ.

“ಕಾಕಾ, ನಿಮಗ ಗೊತ್ತಾಗ್ಯದ,” ಪ್ರೇಮಕುಮಾರ ದನಿ ತಗ್ಗಿಸಿ ಅಂದ. “ಫೋನ್ ಮಾಡಿದಾಗೇ ತಿಳೀತು ನನಗ. ಯಾರ ಹೇಳಿದ್ರೋ ಏನೋ. ಕಾಲಿಗಿ ಬೀಳ್ತೀನಿ, ಪಂಡರಿ ಸೇಠಗ ಹೇಳಬ್ಯಾಡ್ರಿ.”

“ಏನ್ ಹೇಳಬ್ಯಾಡ?”

ಪ್ರೇಮಕುಮಾರ ಬಲಗೈ ಮುಂದೆ ಚಾಚಿದ. ಬೆರಳು ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ, ತಾವಾಗಿಯೇ ಅದುರುತ್ತಿದ್ದವು. “ಮುಂಜಾನಿ ಹೊಡೀತು. ಆ ತುದಿ ಪಾರ್ ತಿರಗ್ಸಾಕ ಹೋಗಿದ್ದೆ, ಏಣಿ ಮ್ಯಾಲಿಂದ ಒಗೀತು ನನ್ನ. ಕೆಳಗ ಮ್ಯಾಟ್ ಸುತ್ತಿ ಇಟ್ಟಿದ್ರು, ಅದರ ಮ್ಯಾಲ ಬಿದ್ದೆ, ಉಳದೆ. ನಂದೇ ತಪ್ಪು ಕಾಕಾ. ರಾತ್ರಿ ಗಡಬಡಿಯಾಗ ಎಲ್ಲೋ ಜೋಡಣಿ ಬಿಚ್ಚಿ ಬಿಟ್ಟೀನಿ. ನೀವು ಇದ್ದಾಗ ಇಪ್ಪತ್ತು ವರ್ಸದಾಗ ಹಿಂಗ ಆಗಿಲ್ಲಂತ ಪಂಡರಿ ಸೇಠ್ ದಿನಾ ಅಂತಾನ. ಇದು ಕೇಳಿದ್ರ ನನ್ನ ತಗದೇ ಹಾಕ್ತಾನ.”

ಅಮೋಘಸಿದ್ದಪ್ಪನ ಮೈಯಲ್ಲಿ ಏನೋ ತಣ್ಣಗೆ, ಹಿತವಾಗಿ ಹರಡಿತು. ಕೇಳಬಾರದ ಹೊತ್ತಿನಲ್ಲಿ ಕೇಳಿದ ಒಳ್ಳೆಯ ಸುದ್ದಿಯಂತೆ. ಇವನು ತನ್ನದೇ ತಪ್ಪು ಅನ್ನುತ್ತಿದ್ದಾನೆ. ಲೈಟನ್ನು ಇಳಿಸಿಕೊಂಡು, ಜರಾ ನೋಡ್ತೀನಿ ಕೊಡು ಎಂದು ಹುಮನಾಬಾದಿಗೆ ಒಯ್ದರೆ ಮುಗಿಯಿತು. ಬುಶ್ಶು ತನ್ನ ಜಾಗಕ್ಕೆ ಹೋಗುತ್ತದೆ. ನಾಳೆ ಇನ್ನೊಂದು ಪಾರ್, ಪೂರಾ. ಹುಡುಗ ಜೀವಮಾನವಿಡೀ ತನ್ನನ್ನು ದೊಡ್ಡ ಮನುಷ್ಯ ಅನ್ನುತ್ತಾನೆ.

“ಆಗಲಿ ಬಿಡು,” ಅಂದುಬಿಟ್ಟ. “ಹೇಳಂಗಿಲ್ಲ.”

ಪ್ರೇಮಕುಮಾರ ಗಕ್ಕನೆ ಬಗ್ಗಿ ಅವನ ಕಾಲು ಮುಟ್ಟಿದ. ಮುಟ್ಟಿದ್ದು ಆ ಕೈಯಿಂದಲೇ. ಅದುರುವ ಬೆರಳುಗಳು ಅವನ ಕಾಲಿನ ಹೆಬ್ಬೆರಳಿನ ಮೇಲೆ ಆಡಿದವು. ಅದನ್ನು ಮಾತ್ರ ಅಮೋಘಸಿದ್ದಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಅವನನ್ನು ಎರಡೂ ಭುಜ ಹಿಡಿದು ಎಬ್ಬಿಸಿ, ಅವನ ಮುಖ ನೋಡದೆ, ಪರದೆಯ ಒಂದು ಹರಕನ್ನು ನೋಡುತ್ತ ಹೇಳಿದ. “ನಿನ್ನ ಜೋಡಣಿ ಸರಿ ಅದ. ತಪ್ಪು ನಂದು. ಬುಶ್ ಹಾಕೂದು ಮರ್ತೆ. ಮೀಟರ್ ಹಚ್ಚಿ ನೋಡ್ಲಿಲ್ಲ, ಉಸ್ತಾದ್‌ಗ ನೋಡೀನಂತ ಸುಳ್ಳು ಹೇಳ್ದೆ. ಅರ್ಥಿಂಗ್ ಪಿನ್ ಇದ್ದಿದ್ರ ಬೋರ್ಡ್ ಬಿದ್ದು ನೀ ಉಳೀತಿದ್ದಿ, ಆ ಪಿನ್ ಕತ್ತರಿಸಿದಾಂವನೂ ನಾನೇ. ಗೋಡೌನದಾಗ ಇರೂವು ಎಲ್ಲಾ ನಾನೇ ಕತ್ತರ್ಸೀನಿ. ಪಂಡರಿ ಸೇಠಗ ನಾ ಹೇಳ್ತೀನಿ. ಉಸ್ತಾದ್‌ಗೂ ಹೇಳ್ತೀನಿ.”

ಹೇಳಿ ಮುಗಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಸ್ವಲ್ಪ ಆಗಿತ್ತು ಕೂಡ. ಪ್ರೇಮಕುಮಾರ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದ.

“ಫೋನ್ ಮಾಡಿದಾಗ ಗೊತ್ತಿತ್ತೇನ್ರಿ ನಿಮಗ?”

“ಗೊತ್ತಿತ್ತು.”

“ಗೊತ್ತಿದ್ದೂ ಹೇಳಲಿಲ್ಲ.”

“ಹೇಳಲಿಲ್ಲ.”

ಪರದೆಯ ಆಚೆ ರಾಜೇಶ್ವರಿ ಟೀಚರ್, ಎಷ್ಟೊತ್ತ್ರಿ ಪ್ರೇಮಕುಮಾರ್, ಅನ್ನುತ್ತಿದ್ದರು. ಪ್ರೇಮಕುಮಾರ ಅತ್ತ ಕಡೆ ತಿರುಗಲೇ ಇಲ್ಲ.

“ಕಾಕಾ, ನೀವು ಫೋನ್ ಮಾಡಿದಾಗ ಆ ಲೈಟ್ ಬಂದ್ ಇತ್ತು,” ಅಂದ. “ಹೊಡದ ಕೂಡ್ಲೇ ಅದರ ವಾಯರ್ ನಾನೇ ತಗದು ಇಟ್ಟಿದ್ದೆ. ಒಂದು ಲೈಟ್ ಇಲ್ದಿದ್ರ ಏನಾಗ್ತದಂತ. ನೀವು ಬರ್ತೀನಿ ಅಂದ್ರಿ. ಆರಿದ ಲೈಟ್ ನೋಡಿದ್ರ ನನ್ನ ಮರ್ಯಾದಿ ಹೋಗ್ತದಂತ, ಮತ್ತ ಬಂದ ನಿಮ್ಮ ಫೋನೂ ಎತ್ತದ ಏಣಿ ಹತ್ತಿ, ಎಲ್ಲಾ ಜೋಡಣಿಗೂ ಟೇಪ್ ಸುತ್ತಿ, ಮತ್ತ ಹಚ್ಚಿದೆ. ನೀವು ಬರ್ತೀರಂತ ಹಚ್ಚಿದೆ.”

ಅಮೋಘಸಿದ್ದಪ್ಪ ಪರದೆ ಸರಿಸಿ ವೇದಿಕೆಯ ಕಡೆ ನೋಡಿದ. ಹಾಡು ನಿಂತದ್ದರಿಂದ ಹುಡುಗಿಯರೆಲ್ಲ ಚೆದುರಿದ್ದರು. ಕೆಲವರು ಮೆಟ್ಟಿಲ ಮೇಲೆ, ಕೆಲವರು ಒದ್ದೆ ನೆಲದಲ್ಲಿ, ಕೆಲವರು ಕಂಬದ ಸುತ್ತ. ಆ ಲೈಟಿನ ಕೆಳಗೆ ಎಷ್ಟು ಜನ ಇದ್ದರು ಎಂದು ಅವನು ಅವರನ್ನು ಎಣಿಸತೊಡಗಿದ. ಒಬ್ಬಳು ಓಡಿಹೋಗಿ ಇನ್ನೊಬ್ಬಳ ಹಿಂದೆ ಅಡಗಿದಳು, ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದ.